18.83 ಮಿಲಿಮೀಟರಿನಲ್ಲಿ ಸ್ಕಾಟ್ಲೆಂಡ್

1883ರಲ್ಲಿ ಎಡಿನ್‌ಬರೋದಿಂದ ಡಂಡಿಗೆ ಹತ್ತಿರದ ದಾರಿ ಹಿಡಿದವರಿಗೆ ನೇರ ರೈಲು ಇರಲಿಲ್ಲ. ಗ್ರಾಂಟನ್ ಬಂದರಿನಲ್ಲಿ ಗಾಡಿ ಇಳಿದು, ಹಡಗು ಹತ್ತಿ, ಫೋರ್ತ್ ಕೊಲ್ಲಿಯ ಐದು ಮೈಲಿ ನೀರು ದಾಟಿ, ಆಚೆ ದಡದ ಬರ್ಂಟ್‌ಐಲೆಂಡಿನಲ್ಲಿ ಇನ್ನೊಂದು ಗಾಡಿ ಹಿಡಿಯಬೇಕಿತ್ತು. ಸರಕಿಗೆ ಮಾತ್ರ ಈ ಹತ್ತಿಳಿಯುವ ಗೋಳಿರಲಿಲ್ಲ. ಥಾಮಸ್ ಬೌಚ್ ಎಂಬ ಎಂಜಿನಿಯರ್ 1850ರಲ್ಲೇ ‘ಲೆವಯಥನ್’ ಎಂಬ ಹಡಗಿನ ಮೇಲೆ ಹಳಿ ಹಾಕಿಸಿ, ಗೂಡ್ಸ್ ಗಾಡಿಗಳನ್ನು ದಡದಿಂದ ಹಾಗೇ ಹಡಗಿಗೆ ಉರುಳಿಸುವ ಏರ್ಪಾಡು ಮಾಡಿದ್ದ. ಡಂಡಿ ಸೇರುವ ಮೊದಲು ಟೇ ನದಿಯ ಅಳಿವೆ ಅಡ್ಡ. ಅಲ್ಲಿ ಅದೇ ಬೌಚ್ ಕಟ್ಟಿದ್ದ ಸೇತುವೆ 1879ರ ಡಿಸೆಂಬರ್ 28ರ ಬಿರುಗಾಳಿಯ ರಾತ್ರಿ, ಮೇಲೆ ಹೋಗುತ್ತಿದ್ದ ರೈಲಿನ ಸಮೇತ ನೀರುಪಾಲಾಗಿತ್ತು. ಹೊಸ ಟೇ ಸೇತುವೆ ತೆರೆದದ್ದು 1887ರಲ್ಲಿ, ಫೋರ್ತ್ ಸೇತುವೆ 1890ರಲ್ಲಿ. ಹಳೆಯ ಟೇ ಸೇತುವೆ ಬಿದ್ದು ಹೊಸದು ಬರುವ ನಡುವಿನ ಆ ಕೆಲವು ವರ್ಷ ಎರಡೂ ಕಡೆ ದೋಣಿಯೇ ಗತಿ.

ಅದೇ ವರ್ಷದ ಬರ್ಂಟ್‌ಐಲೆಂಡ್ ಇವತ್ತಿಗೂ ಇದೆ, ಮಾದರಿಯ ರೂಪದಲ್ಲಿ. ‘ಈಸ್ಟ್ ಆಫ್ ಸ್ಕಾಟ್ಲೆಂಡ್ ಫೋರ್ ಮಿಲಿಮೀಟರ್ ಗ್ರೂಪ್’ ಎಂಬ ಹವ್ಯಾಸಿಗಳ ತಂಡ ಕಟ್ಟಿದ ಆ ಮಾದರಿ ರೈಲಿಗೆ ‘ಬರ್ಂಟ್‌ಐಲೆಂಡ್ 1883’ ಎಂದೇ ಹೆಸರು. ಊರಿನ ಜತೆಗೆ ಇಸವಿಯೂ ಹೆಸರಿಗೆ ಸೇರಿದ್ದು ಸುಮ್ಮನೆ ಅಲ್ಲ. ಏಳು ವರ್ಷ ಮುಂದೆ ಹೋದರೆ ಫೋರ್ತ್ ಸೇತುವೆ ಬಂದು ಆ ಬಂದರು ನಿಲ್ದಾಣದ ಕೆಲಸವೇ ಬದಲಾಗಿಬಿಡುತ್ತದೆ. ಆರು ವರ್ಷ ಹಿಂದೆ ಹೋದರೆ ಮೊದಲ ಟೇ ಸೇತುವೆ ಇನ್ನೂ ತೆರೆದೇ ಇರುವುದಿಲ್ಲ. ಗಾಡಿಯ ಬಣ್ಣ, ಸಿಗ್ನಲ್ಲಿನ ಆಕಾರ, ಹಳಿಯಡಿಯ ಸ್ಲೀಪರಿನ ಉದ್ದ ಎಲ್ಲವನ್ನೂ ಆ ನಾಲ್ಕು ಅಂಕಿಗಳೇ ತೀರ್ಮಾನಿಸುತ್ತವೆ.

ಫೈನ್‌ಸ್ಕೇಲ್ ಮಾದರಿ ರೈಲು ಎಂದರೆ ಕೂದಲು ಸೀಳುವ ಅಳತೆಯ ಗೀಳು ಎಂದು ಹೊರಗಿನವರು ತಿಳಿಯುವುದುಂಟು. ಅಳತೆ ಮುಖ್ಯ ಹೌದು. ಆದರೆ ಅದು ಎರಡನೆಯ ಮಾತು. ಮೊದಲು ಬೇಕಾದದ್ದು ಒಂದು ಊರು, ಒಂದು ವರ್ಷ. ಅವೆರಡನ್ನು ಗಟ್ಟಿ ಮಾಡಿಕೊಂಡವರಿಗೆ ಮುಂದಿನ ನೂರು ಪ್ರಶ್ನೆಗಳಿಗೆ ಉತ್ತರ ದಾಖಲೆಗಳಲ್ಲೇ ಸಿಗುತ್ತದೆ. ಅವಿಲ್ಲದೆ ಹೊರಟವರು ಅಂಗಡಿಯಲ್ಲಿ ಚೆಂದ ಕಂಡದ್ದನ್ನೆಲ್ಲ ಕೊಂಡು, ಯಾವ ಊರೂ ಅಲ್ಲದ, ಯಾವ ಕಾಲವೂ ಅಲ್ಲದ ನಿಲ್ದಾಣವೊಂದನ್ನು ಕಟ್ಟಿ ಕೂರುತ್ತಾರೆ.

ಈಗ ಅಳತೆಗೆ ಬರೋಣ. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಒಂದು ಅಡಿಗೆ 4 ಮಿ.ಮೀ. ಪ್ರಮಾಣ, ಅಂದರೆ 76.2ರಲ್ಲಿ ಒಂದು ಪಾಲು. ನಿಜವಾದ ಹಳಿಗಳ ನಡುವಿನ ಅಂತರ 4 ಅಡಿ 8½ ಇಂಚು. ಅದನ್ನು ಈ ಪ್ರಮಾಣಕ್ಕೆ ಇಳಿಸಿದರೆ 18.83 ಮಿ.ಮೀ. ಬರಬೇಕು. ಅಂಗಡಿಯ ಪೆಟ್ಟಿಗೆಯಲ್ಲಿ ಸಿಗುವ ‘ಓಓ’ ಹಳಿಯ ಅಂತರ ಮಾತ್ರ 16.5 ಮಿ.ಮೀ. ಹಿಂದೆ ದೊಡ್ಡದಾಗಿದ್ದ ಮೋಟಾರುಗಳನ್ನು ಬ್ರಿಟನ್ನಿನ ಪುಟ್ಟ ಎಂಜಿನ್ನುಗಳ ಒಳಗೆ ಹಿಡಿಸಲು ಮೈಯನ್ನಷ್ಟೇ ಹಿಗ್ಗಿಸಿ, ಹಳಿಯನ್ನು 3.5 ಮಿ.ಮೀ. ಪ್ರಮಾಣದ್ದಾಗಿಯೇ ಉಳಿಸಿಕೊಂಡದ್ದರ ಫಲ ಇದು. ಕೊರತೆ 2.33 ಮಿ.ಮೀ. ಕೇಳಲು ಅತ್ಯಲ್ಪ. ನಿಜದ ಅಳತೆಯಲ್ಲಿ ಅದು ಏಳು ಇಂಚು. ಎಂಜಿನ್ನನ್ನು ಎದುರಿನಿಂದ ನೋಡಿದಾಗ ಕಾಲು ಜೋಡಿಸಿಕೊಂಡು ನಿಂತಂತೆ ಕಾಣುವುದು ಈ ಕಾರಣಕ್ಕೇ.

ಇದನ್ನು ಸರಿಪಡಿಸಲು ಎರಡು ದಾರಿಗಳಿವೆ. ಒಂದು ‘ಇಎಂ’, ಹಳಿ ಅಂತರ 18.2 ಮಿ.ಮೀ. ಇನ್ನೊಂದು ‘ಪಿ4’, ಯಾವ ರಾಜಿಯೂ ಇಲ್ಲದ 18.83. ಪಿ4ನ ಮಾನದಂಡಗಳು 1960ರ ದಶಕದಲ್ಲಿ ರೂಪುಗೊಂಡವು. ಅದರ ಹಿಂದಿನ ಸ್ಕೇಲ್‌ಫೋರ್ ಸೊಸೈಟಿ ಶುರುವಾದದ್ದು 1976ರಲ್ಲಿ. ಜಾಗ ಕಡಿಮೆ ಇದ್ದವರಿಗೆ 2 ಮಿ.ಮೀ. ಪ್ರಮಾಣವಿದೆ, ಹಳಿ ಅಂತರ 9.42. ಕಣ್ಣಿಗೂ ಕೈಗೂ ದೊಡ್ಡದೇ ಬೇಕೆನ್ನುವವರಿಗೆ 7 ಮಿ.ಮೀ. ಪ್ರಮಾಣದ ‘ಸ್ಕೇಲ್‌ಸೆವೆನ್’, ಹಳಿ ಅಂತರ 33. ಇಎಂನಲ್ಲಿ ಓಡಿಸುವುದು ಸುಲಭ, ತಿರುವುಗಳನ್ನು ಇನ್ನಷ್ಟು ಬಿಗಿ ಮಾಡಬಹುದು. ಪಿ4ನಲ್ಲಿ ಚಕ್ರದ ಅಂಚು ಕೇವಲ 0.4 ಮಿ.ಮೀ. ಆಸುಪಾಸು ಆಳ. ಹಳಿಯನ್ನು ಏರುಪೇರಿಲ್ಲದೆ ಹಾಕದಿದ್ದರೆ ಗಾಡಿ ಕೆಳಗಿಳಿಯುವುದು ಖಂಡಿತ. ಹಾಗೆಂದು ಹೆದರಬೇಕಿಲ್ಲ. ಯಂತ್ರಕ್ಕಿಂತ ಹೆಚ್ಚಾಗಿ ಅದು ಬೇಡುವುದು ಸಾವಧಾನವನ್ನು.

ಇಲ್ಲೊಂದು ಉಪಕಥೆ ಹೇಳಲೇಬೇಕು. ಸ್ಕಾಟ್ಲೆಂಡಿನ ಎಲ್ಲ ರೈಲುಗಳೂ ಮೊದಲಿನಿಂದ 4 ಅಡಿ 8½ ಇಂಚಿನವೇನಲ್ಲ. 1838ರಲ್ಲಿ ತೆರೆದ ಡಂಡಿ–ಅರ್ಬ್ರೋತ್ ಮತ್ತು ಅರ್ಬ್ರೋತ್–ಫೋರ್ಫರ್ ದಾರಿಗಳ ಹಳಿ ಅಂತರ 5 ಅಡಿ 6 ಇಂಚು. ಕರ್ನಾಟಕದ ಓದುಗರು ದಿನವೂ ಓಡಾಡುವ ಬ್ರಾಡ್‌ಗೇಜಿನ ಅಳತೆಯೂ ಅದೇ. ಭಾರತಕ್ಕೆ ಆ ಅಂತರ ಗೊತ್ತಾದದ್ದು ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ. ಆತನೂ ಸ್ಕಾಟ್ಲೆಂಡಿನವನೇ. ಇನ್ನಷ್ಟು ಅಗಲವೇ ಬೇಕೆಂದು, 6 ಅಡಿ ಇರಲೆಂದು ವಾದಿಸಿದ್ದವನು. ಅರ್ಬ್ರೋತಿನ ಆರಂಭದ ದಿನಗಳನ್ನು 4 ಮಿ.ಮೀ. ಪ್ರಮಾಣದಲ್ಲಿ ಕಟ್ಟುವವರು 22 ಮಿ.ಮೀ. ಹಳಿ ಹಾಕಬೇಕಾಗುತ್ತದೆ. ಬೆಂಗಳೂರಿನ ಬ್ರಾಡ್‌ಗೇಜನ್ನು ಅದೇ ಪ್ರಮಾಣದಲ್ಲಿ ಕಟ್ಟಿದರೂ ಅಂತರ ಅಷ್ಟೇ.

ಯಾವ ಕಂಪನಿಯನ್ನು ಆರಿಸಬೇಕು? 1923ರ ತನಕ ಸ್ಕಾಟ್ಲೆಂಡಿನಲ್ಲಿ ಐದು ದೊಡ್ಡ ರೈಲ್ವೆ ಕಂಪನಿಗಳಿದ್ದವು. ನೀಲಿ ಎಂಜಿನ್ನುಗಳ ಕ್ಯಾಲೆಡೋನಿಯನ್, ಅದರ ಬದ್ಧ ಪ್ರತಿಸ್ಪರ್ಧಿ ನಾರ್ತ್ ಬ್ರಿಟಿಷ್, ನೈರುತ್ಯದ ಗ್ಲಾಸ್ಗೋ ಅಂಡ್ ಸೌತ್ ವೆಸ್ಟರ್ನ್, ಅಬರ್ಡೀನ್ ಸೀಮೆಯ ಗ್ರೇಟ್ ನಾರ್ತ್ ಆಫ್ ಸ್ಕಾಟ್ಲೆಂಡ್, ಬೆಟ್ಟಸಾಲಿನ ಹೈಲ್ಯಾಂಡ್. ಆ ವರ್ಷ ಕ್ಯಾಲೆಡೋನಿಯನ್, ಸೌತ್ ವೆಸ್ಟರ್ನ್, ಹೈಲ್ಯಾಂಡ್ ಮೂರೂ ‘ಎಲ್‌ಎಂಎಸ್’ ಎಂಬ ಹೊಸ ಕಂಪನಿಯ ಪಾಲಾದವು, ಉಳಿದೆರಡು ‘ಎಲ್‌ಎನ್‌ಇಆರ್’ ಪಾಲು. 1948ರಲ್ಲಿ ಎಲ್ಲವೂ ಸರ್ಕಾರದ್ದಾಯಿತು. ಐದಕ್ಕೂ ಇವತ್ತು ಪ್ರತ್ಯೇಕ ಇತಿಹಾಸ ಸಂಘಗಳಿವೆ. ನಕ್ಷೆ, ಫೋಟೊ, ಗಾಡಿಗಳ ಪಟ್ಟಿ ಇಟ್ಟುಕೊಂಡು ಕಾಯುವ ಸದಸ್ಯರಿದ್ದಾರೆ. ಮೊದಲ ಖರ್ಚು ಯಾವುದರ ಮೇಲೆ ಎಂದರೆ, ಎಂಜಿನ್ನಿಗಿಂತ ಮೊದಲು ಇಂಥ ಸಂಘವೊಂದರ ಸದಸ್ಯತ್ವ.

ಕಂಪನಿ ಗೊತ್ತಾದ ಮೇಲೆ ಜಾಗ. ಇಲ್ಲಿ ಬಹಳ ಮಂದಿ ಆಸೆಗೆ ಬೀಳುವುದು ಗ್ಲೆನ್‌ಫಿನನ್ ಸೇತುವೆಗೆ. 1901ರಲ್ಲಿ ತೆರೆದ ಮಲೇಗ್ ದಾರಿಯ ಆ ಕಾಂಕ್ರೀಟ್ ಸೇತುವೆಗೆ 21 ಕಮಾನು, 380 ಮೀಟರ್ ಉದ್ದ, 30 ಮೀಟರ್ ಎತ್ತರ. ಸಿನಿಮಾದಲ್ಲಿ ನೋಡದವರೇ ಇಲ್ಲ. ಲೆಕ್ಕ ಹಾಕಿ ನೋಡಿ: 76.2ರಿಂದ ಭಾಗಿಸಿದರೆ ಸೇತುವೆಯೊಂದೇ ಐದು ಮೀಟರ್. ಅದರ ತಿರುವಿನ ತ್ರಿಜ್ಯ 12 ಚೈನು, ಮಾದರಿಯಲ್ಲಿ ಮೂರು ಮೀಟರಿಗೂ ಹೆಚ್ಚು. ಸಾಮಾನ್ಯ ಮನೆಯ ಕೋಣೆಯಲ್ಲಿ ಅದು ಅರ್ಧ ಸುತ್ತು ಕೂಡ ತಿರುಗದು. ಇಷ್ಟಾಗಿಯೂ ಅಲ್ಲಿ ರೈಲು ಮಾಡುವ ಕೆಲಸ ಒಂದೇ, ಹಾದುಹೋಗುವುದು.

ಇದರ ಬದಲು ಕಿಲಿನ್ ನೋಡಿ. ಲಾಕ್ ಟೇ ಸರೋವರದ ಪಶ್ಚಿಮ ತುದಿಯ ಪುಟ್ಟ ಊರು. ಕ್ಯಾಲೆಂಡರ್–ಓಬನ್ ದಾರಿ ಬೆಟ್ಟದ ಮೇಲೆಯೇ ಹೋಗಿಬಿಟ್ಟಿತು. ಊರಿನವರು ಸೇರಿ ಸ್ವಂತ ಕಂಪನಿ ಕಟ್ಟಿ, ಜಂಕ್ಷನ್ನಿನಿಂದ ಊರಿಗೆ, ಅಲ್ಲಿಂದ ಸರೋವರದ ದಂಡೆಗೆ ಐದು ಮೈಲಿಯ ಕವಲು ದಾರಿ ಮಾಡಿಕೊಂಡರು. ತೆರೆದದ್ದು 1886ರಲ್ಲಿ. ಹೆಸರಿಗೆ ಸ್ವತಂತ್ರವಾದ ಆ ಕಂಪನಿ 1923ರ ತನಕ ಬದುಕಿತ್ತು. ಗಾಡಿ ಓಡಿಸುತ್ತಿದ್ದದ್ದು ಕ್ಯಾಲೆಡೋನಿಯನ್. ಜಂಕ್ಷನ್ನಿನಿಂದ ಊರಿಗೆ 50ಕ್ಕೆ 1ರ ಇಳಿಜಾರು. ಅದಕ್ಕಾಗಿಯೇ ಆ ಕಂಪನಿಯ ಎಂಜಿನಿಯರ್ ಡ್ಯೂಗಲ್ಡ್ ಡ್ರಮಂಡ್ ಎರಡು ಪುಟ್ಟ ಟ್ಯಾಂಕ್ ಎಂಜಿನ್ನುಗಳನ್ನು ಮಾಡಿಸಿದ. ನೆಟ್ಟಗೆ ನಿಂತ ಕೊಳವೆಯಂಥ ಹೊಗೆಗೂಡಿನ ಅವಕ್ಕೆ ‘ಕಿಲಿನ್ ಪಗ್’ ಎಂಬ ಅಡ್ಡಹೆಸರು ಅಂಟಿತು. 1965ರ ಸೆಪ್ಟೆಂಬರಿನಲ್ಲಿ ಗ್ಲೆನ್ ಓಗಲ್ ಕಣಿವೆಯಲ್ಲಿ ಬಂಡೆ ಕುಸಿದು ಮುಖ್ಯ ದಾರಿಯ ಜತೆ ಈ ಕವಲೂ ಮುಚ್ಚಿಹೋಯಿತು. ಐದು ಮೈಲಿಯನ್ನೂ ಪ್ರಮಾಣಕ್ಕೆ ಸರಿಯಾಗಿ ಕಟ್ಟಿದರೆ ನೂರೈದು ಮೀಟರ್ ಬೇಕು. ಆದರೆ ಕಿಲಿನ್ ನಿಲ್ದಾಣವೊಂದನ್ನೇ ಎತ್ತಿಕೊಂಡರೆ ಒಂದು ಪ್ಲಾಟ್‌ಫಾರಂ, ಒಂದೆರಡು ಬೋಗಿಯ ರೈಲು, ಕಲ್ಲಿದ್ದಲು ಇಳಿಸುವ ಒಂದು ಕವಲು. ಒಬ್ಬರೇ ಕೂತು ಮುಗಿಸಬಹುದಾದ ಕೆಲಸ.

ಇನ್ನೂ ಉತ್ತರಕ್ಕೆ ಹೋಗುವ ಮನಸ್ಸಿದ್ದರೆ ಡೋರ್ನಾಕ್ ಇದೆ. 1902ರಲ್ಲಿ ತೆರೆದು 1960ರಲ್ಲಿ ಮುಚ್ಚಿದ ಏಳೂಮುಕ್ಕಾಲು ಮೈಲಿಯ ಲೈಟ್ ರೈಲ್ವೆ. ಹೈಲ್ಯಾಂಡ್ ಕಂಪನಿಯ ಕಟ್ಟಕಡೆಯ ಎಂಜಿನ್ನು ದುಡಿದದ್ದು ಇಲ್ಲೇ. 1957ರಲ್ಲಿ ಅದರ ಅಚ್ಚು ಮುರಿದಾಗ ಬದಲಿಗೆ ಬಂದದ್ದು ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ಮಾದರಿಯ ಪ್ಯಾನಿಯರ್ ಟ್ಯಾಂಕ್, ನಂಬರ್ 1646, ಆಮೇಲೆ 1649. ಗ್ರೇಟ್ ವೆಸ್ಟರ್ನ್ ಅಂದದ ಎಂಜಿನ್ನನ್ನು ಸ್ಕಾಟ್ಲೆಂಡಿನ ತುತ್ತತುದಿಯಲ್ಲಿ ಓಡಿಸಿದರೆ ನೋಡುವವರು ತಪ್ಪೆಂದೇ ಅನ್ನುತ್ತಾರೆ. 1957ರ ನಂತರದ ಡೋರ್ನಾಕಿನಲ್ಲಿ ಅದೇ ಸರಿ.

ಊರು, ವರ್ಷ ನಿಶ್ಚಯವಾದ ಮೇಲೆ ಮೊದಲು ತೆರೆಯಬೇಕಾದದ್ದು ಭೂಪಟ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ಹಳೆಯ ಆರ್ಡ್‌ನೆನ್ಸ್ ಸರ್ವೆ ನಕ್ಷೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೋಡಲು ಇಟ್ಟಿದೆ. ಧಾರವಾಡದಲ್ಲಿ ಕೂತು ಕಿಲಿನ್ನಿನ ಒಂದೊಂದು ಹಳಿಯನ್ನೂ ಬೆರಳಿನಲ್ಲಿ ಹಿಂಬಾಲಿಸಬಹುದು. ಮೈಲಿಗೆ 25 ಇಂಚಿನ ನಕ್ಷೆಯ ಪ್ರಮಾಣ 2500ಕ್ಕೆ 1. ಅದರ ಮೇಲಿನ ಒಂದು ಮಿ.ಮೀ. ಮಾದರಿಯಲ್ಲಿ 32.8 ಮಿ.ಮೀ. ಆಗುತ್ತದೆ. ನಕ್ಷೆಯನ್ನು ಅಷ್ಟು ಪಟ್ಟು ಹಿಗ್ಗಿಸಿ ಕಾಗದಕ್ಕೆ ತೆಗೆದು, ನೆಲದ ಮೇಲೆ ಹಾಸಿ, ಸುತ್ತ ನಡೆದಾಡಿ ನೋಡಬೇಕು. ಎಲ್ಲಿ ನಿಂತು ನೋಡುವುದು, ಎಲ್ಲಿ ಕತ್ತರಿಸುವುದು ಎಂಬುದು ಆ ಹೊತ್ತಿನಲ್ಲೇ ತಿಳಿಯುತ್ತದೆ. ಕಂಪನಿಗಳ ಮೂಲ ನಕ್ಷೆಗಳು ಬೇಕಾದರೆ ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್. ಹೊಸ ದಾರಿ ತೆರೆಯುವ ಮೊದಲು ಸರ್ಕಾರದ ಪರಿವೀಕ್ಷಕರು ಬರೆದ ವರದಿಗಳು ಬೇಕಾದರೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್.

ಕಟ್ಟಡದ ಎತ್ತರ ನಕ್ಷೆಯಲ್ಲಿ ಸಿಗುವುದಿಲ್ಲ, ಅದಕ್ಕೆ ಫೋಟೊವೇ ಬೇಕು. ಬಾಗಿಲೊಂದರ ಎತ್ತರವನ್ನು ಆರೂವರೆ ಅಡಿ ಎಂದಿಟ್ಟುಕೊಂಡು, ಅಷ್ಟರಲ್ಲಿ ಎಷ್ಟು ಸಾಲು ಕಲ್ಲು ಬಂದಿದೆ ಎಂದು ಎಣಿಸಿದರೆ ಉಳಿದ ಗೋಡೆಯ ಎತ್ತರ ತಾನಾಗಿ ಬರುತ್ತದೆ. ಕ್ಯಾಮೆರಾ ಓರೆಯಾಗಿ ಹಿಡಿದ ಚಿತ್ರದಲ್ಲಿ ದೂರದ ತುದಿಯನ್ನು ನಂಬಬಾರದು.

ಮಾದರಿಯನ್ನು ಹೊರುವ ಹಲಗೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. 9 ಮಿ.ಮೀ. ಬರ್ಚ್ ಪ್ಲೈವುಡ್ ಸಾಕು. ಒಂದೊಂದು ತುಂಡೂ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ ಮೀರದಿದ್ದರೆ ಒಬ್ಬರೇ ಎತ್ತಬಹುದು. ಎರಡು ಹಲಗೆ ಕೂಡುವಲ್ಲಿ ಹಳಿ ಕೂದಲೆಳೆಯಷ್ಟೂ ಜರುಗಬಾರದು, ಹಾಗಾಗಿ ಬರೀ ಬೋಲ್ಟ್ ನಂಬದೆ ಹಿತ್ತಾಳೆಯ ಗೂಟ–ಗುಳಿ ಜೋಡಿಗಳನ್ನು ಹಾಕಬೇಕು. ಕರಾವಳಿಯಂಥ ತೇವದ ಊರಿನಲ್ಲಿ ಪ್ಲೈವುಡ್ಡಿನ ಎಲ್ಲ ಅಂಚಿಗೂ ವಾರ್ನಿಶ್ ಬಳಿಯುವುದು ಕಡ್ಡಾಯ. ಉಕ್ಕಿನ ಹಳಿ ನೋಡಲು ಬಲು ಚೆನ್ನ, ಆದರೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಅಲ್ಲಿಗೆ ನಿಕಲ್ ಸಿಲ್ವರ್ ಹಳಿಯೇ ಸರಿ.

ಹಳಿ ಹಾಕುವುದು ಮಾತ್ರ ಇಡೀ ಹವ್ಯಾಸದ ತಿರುಳು. ಟೆಂಪ್ಲಾಟ್ ಎಂಬ ತಂತ್ರಾಂಶದಲ್ಲಿ ತಿರುವುಗಳನ್ನು, ಹಳಿ ಕವಲೊಡೆಯುವ ಪಾಯಿಂಟುಗಳನ್ನು ಬರೆದು ಪೂರ್ತಿ ಅಳತೆಯಲ್ಲಿ ಮುದ್ರಿಸಿಕೊಂಡು, ಆ ಕಾಗದದ ಮೇಲೆಯೇ ಸ್ಲೀಪರ್ ಅಂಟಿಸಿ ಹಳಿ ಕೂರಿಸುತ್ತಾರೆ. ಎರಡು ಪದ್ಧತಿಗಳಿವೆ. ತೆಳು ಪ್ಲೈವುಡ್ ಸ್ಲೀಪರಿಗೆ ಪುಟ್ಟ ಹಿತ್ತಾಳೆ ರಿವೆಟ್ ಬಡಿದು ಅದಕ್ಕೆ ಹಳಿಯನ್ನು ಬೆಸೆಯುವುದು ಹಳೆಯದು, ಗಟ್ಟಿ. ಹಳಿ ಹಿಡಿಯುವ ಎರಕದ ‘ಚೇರ್’ಗಳನ್ನು ಪ್ಲಾಸ್ಟಿಕ್ಕಿನಲ್ಲೇ ಕೊಂಡು ದ್ರಾವಕದಿಂದ ಅಂಟಿಸುವುದು ಈಚಿನದು, ಹತ್ತಿರದಿಂದ ನೋಡಿದರೆ ಹೆಚ್ಚು ಲಕ್ಷಣ. ಪಾಯಿಂಟಿನ ಮೂತಿಯಲ್ಲಿ ಭಾರ ಬೀಳುವ ಕಡೆ ರಿವೆಟ್, ಉಳಿದೆಡೆ ಪ್ಲಾಸ್ಟಿಕ್ ಎಂದು ಎರಡನ್ನೂ ಬೆರೆಸುವವರೂ ಇದ್ದಾರೆ, ಅದು ಬುದ್ಧಿವಂತರ ದಾರಿ.

ಪಿ4 ಪಾಯಿಂಟಿನಲ್ಲಿ ಚಕ್ರದ ಅಂಚು ನುಸುಳಲು ಬಿಡುವ ಸಂದು 0.68 ಮಿ.ಮೀ. ಇದನ್ನು ಕಣ್ಣಂದಾಜಿನಲ್ಲಿ ಹಾಕಲು ಯಾರಿಂದಲೂ ಆಗದು. ಸೊಸೈಟಿಗಳು ಮಾರುವ ಲೋಹದ ಗೇಜುಗಳನ್ನು ಹಳಿಗಳ ನಡುವೆ ಇಟ್ಟೇ ಬೆಸೆಯಬೇಕು. ಅವುಗಳಲ್ಲಿ ತ್ರಿಕೋನಾಕಾರದ ಗೇಜೊಂದಿದೆ. ಒಂದು ಹಳಿಯ ಮೇಲೆ ಎರಡು ಮೊನೆ, ಇನ್ನೊಂದರ ಮೇಲೆ ಒಂದು ಮೊನೆ ಊರಿ ತಿರುವಿನಲ್ಲಿ ಇಟ್ಟರೆ, ಹಳಿ ಅಂತರವನ್ನು ಬೇಕಾದಷ್ಟೇ ಅಗಲ ಮಾಡಿಕೊಡುತ್ತದೆ. ಎಷ್ಟು ಸರಳ ಉಪಾಯ! ಪಿ4ನಲ್ಲಿ ತಿರುವಿನ ತ್ರಿಜ್ಯ 1.2 ಮೀಟರಿಗಿಂತ ಕಡಿಮೆಯಾಗದಂತೆ ನೋಡಿಕೊಂಡರೆ ಮುಂದಿನ ತಲೆನೋವು ಅರ್ಧ ತಪ್ಪಿತು.

ಇಲ್ಲಿಯೂ ವರ್ಷದ ಮಾತು ಬರುತ್ತದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಸ್ಲೀಪರಿನ ಉದ್ದ ಸಾಮಾನ್ಯವಾಗಿ 9 ಅಡಿ, ಅಂದರೆ 36 ಮಿ.ಮೀ. ಆಮೇಲೆ 8½ ಅಡಿ, 34 ಮಿ.ಮೀ. ಹಳೆಯ ಕಾಲದ ಜಲ್ಲಿ ಎಷ್ಟೋ ಕಡೆ ಸ್ಲೀಪರನ್ನೇ ಮುಚ್ಚುವಷ್ಟು ಮೇಲೆ ಬರುತ್ತಿತ್ತು. ಒಂದು ಹಳಿ 60 ಅಡಿ ಉದ್ದವಿರುವುದು ನಂತರದ ರೂಢಿ, ವಿಕ್ಟೋರಿಯಾ ಕಾಲದ ಹಳಿ ಅದಕ್ಕಿಂತ ಬಹಳ ಗಿಡ್ಡ. 1883ರ ಮಾದರಿಯಲ್ಲಿ ಜಲ್ಲಿಯ ಮೇಲೆ ಸ್ಲೀಪರು ಎದ್ದು ಕಾಣುವಂತೆ ಮಾಡಿದರೆ ಎಷ್ಟೇ ಅಂದವಾಗಿದ್ದರೂ ಆ ಕಾಲದ್ದಾಗದು.

ಹೊಸಬರು ಎಂಜಿನ್ನಿನಿಂದ ಶುರು ಮಾಡಬಾರದು. ಮೊದಲು ಒಂದು ಮೀಟರ್ ಹಳಿ, ಒಂದು ಪಾಯಿಂಟ್, ಒಂದು ನಾಲ್ಕು ಗಾಲಿಯ ಗೂಡ್ಸ್ ಗಾಡಿ. ಸ್ಕಾಟ್ಲೆಂಡಿನ ಕಲ್ಲಿದ್ದಲು ಗಾಡಿಗಳಲ್ಲಿ ಹಲವಕ್ಕೆ ಹತ್ತೊಂಬತ್ತನೇ ಶತಮಾನದುದ್ದಕ್ಕೂ ಸ್ಪ್ರಿಂಗ್ ಬಫರ್ ಇರಲಿಲ್ಲ. ಚೌಕಟ್ಟಿನ ಮರವೇ ಮುಂದಕ್ಕೆ ಚಾಚಿ ಡಿಕ್ಕಿ ತಡೆಯುತ್ತಿತ್ತು. ಕಲಿಯುವವರಿಗೆ ಅಂಥ ಗಾಡಿ ಹೇಳಿಮಾಡಿಸಿದಂತಿದೆ. ಭಾಗಗಳು ಕಡಿಮೆ, ಲಕ್ಷಣ ಜಾಸ್ತಿ.

ಎರಡು ಅಚ್ಚುಗಳನ್ನೂ ಬಿಗಿಯಾಗಿ ಕೂರಿಸಿದ ಗಾಡಿ ಪಿ4 ಹಳಿಯ ಮೇಲೆ ನಿಲ್ಲುವುದು ಕಷ್ಟ. ನಾಲ್ಕು ಕಾಲಿನ ಸ್ಟೂಲು ಮಣ್ಣು ನೆಲದಲ್ಲಿ ಕುಂಟುತ್ತದೆ, ಮೂರು ಕಾಲಿನದು ಎಲ್ಲಿಟ್ಟರೂ ಕೂರುತ್ತದೆ. ಅದೇ ತತ್ವ ಇಲ್ಲಿಯೂ. ಒಂದು ಅಚ್ಚನ್ನು ಸ್ಥಿರವಾಗಿಟ್ಟು, ಇನ್ನೊಂದನ್ನು ನಡುವಿನಲ್ಲಿ ತೂಗುವಂತೆ ಬಿಡುತ್ತಾರೆ. ಇನ್ನೂ ಮುಂದೆ ಹೋದವರು ಪ್ರತಿ ಗಾಲಿಗೂ ತೆಳು ಉಕ್ಕಿನ ತಂತಿಯ ಸ್ಪ್ರಿಂಗ್ ಕೊಡುತ್ತಾರೆ. ಆಮೇಲೆ ತೂಕ. ಅಚ್ಚಿಗೆ 25 ಗ್ರಾಂ ಲೆಕ್ಕದಲ್ಲಿ ನಾಲ್ಕು ಗಾಲಿಯ ಗಾಡಿ 50 ಗ್ರಾಂ ತೂಗಬೇಕು. ಗಾಲಿಗಳ ಒಳಮೈಗಳ ನಡುವಿನ ಅಂತರ 17.75 ಮಿ.ಮೀ. ಇದೆಯೇ ಎಂದು ಗೇಜಿಟ್ಟು ನೋಡಿದ ಮೇಲೆಯೇ ಹಳಿಗಿಳಿಸಬೇಕು. ಗಾಡಿ ಹಳಿ ತಪ್ಪಿದರೆ ಹಳಿಯನ್ನು ಬೈಯುವ ಮುಂಚೆ ಪರೀಕ್ಷಿಸಬೇಕಾದದ್ದು ಇದನ್ನೇ.

ಹಳೆಯ ಸ್ಕಾಟಿಷ್ ಎಂಜಿನ್ನುಗಳು ಹೆಚ್ಚಾಗಿ ಸಿಗುವುದು ಹಿತ್ತಾಳೆ ಅಥವಾ ನಿಕಲ್ ಸಿಲ್ವರ್ ತಗಡಿನ ಕಿಟ್ ರೂಪದಲ್ಲಿ. ಆಮ್ಲದಿಂದ ಕೊರೆದ ತಗಡಿನಲ್ಲಿ ಪ್ರತಿ ಭಾಗವೂ ಚಿಕ್ಕ ಕೊಂಡಿಯಿಂದ ಚೌಕಟ್ಟಿಗೆ ಅಂಟಿಕೊಂಡಿರುತ್ತದೆ. ಕೊಂಡಿ ಕತ್ತರಿಸಿ, ಅಂಚನ್ನು ಅರದಿಂದ ನಯ ಮಾಡಿ, ಮಡಿಸುವ ಕಡೆ ಅರ್ಧ ಕೊರೆದ ಗೆರೆ ಒಳಗೆ ಬರುವಂತೆ ಮಡಿಸಬೇಕು. ಗೆರೆ ಹೊರಗಾದರೆ ಅಳತೆಯೂ ತಪ್ಪುತ್ತದೆ, ಮೂಲೆಯೂ ಸೀಳುತ್ತದೆ.

ಬೆಸುಗೆಯ ಜಾಣ್ಮೆ ಇರುವುದು ಶಾಖದ ಏಣಿಯಲ್ಲಿ. ಮೊದಲ ದೊಡ್ಡ ಜೋಡಣೆಗಳಿಗೆ 188 ಡಿಗ್ರಿಯಲ್ಲಿ ಕರಗುವ ಬೆಸುಗೆ ಲೋಹ, ಅದರ ಮೇಲಿನ ಸಣ್ಣ ಭಾಗಗಳಿಗೆ 145 ಡಿಗ್ರಿಯದು. ಎರಡನೆಯದು ಕರಗುವ ಹೊತ್ತಿಗೆ ಮೊದಲನೆಯದು ಗಟ್ಟಿಯಾಗಿಯೇ ಇರುತ್ತದೆ, ಹಾಗಾಗಿ ಮಾಡಿದ್ದು ಬಿಚ್ಚಿಕೊಳ್ಳುವುದಿಲ್ಲ. ಹೊಗೆಗೂಡು, ಗುಮ್ಮಟದಂಥ ವೈಟ್‌ಮೆಟಲ್ ಎರಕದ ಭಾಗಗಳು ಆ ಶಾಖಕ್ಕೇ ಕರಗಿಹೋಗುವ ಜಾತಿ. ಅವಕ್ಕೆ 70 ಡಿಗ್ರಿಯ ಬೆಸುಗೆ. ಅದು ಹಿತ್ತಾಳೆಯನ್ನು ನೇರವಾಗಿ ಹಿಡಿಯುವುದಿಲ್ಲ, ಹಿತ್ತಾಳೆಯ ಆ ಜಾಗಕ್ಕೆ ಮೊದಲು 145ರದನ್ನು ತೆಳ್ಳಗೆ ಸವರಿರಬೇಕು. ಜೋಡಣೆಗೆ ಒಂದು ತೊಟ್ಟು ಫಾಸ್ಫಾರಿಕ್ ಆಮ್ಲದ ಫ್ಲಕ್ಸ್ ಇಟ್ಟು, ಉಳಿಯಾಕಾರದ ಮೊನೆಯ ತುದಿಯಲ್ಲಿ ಚೂರೇ ಚೂರು ಬೆಸುಗೆ ಎತ್ತಿಕೊಂಡು ಮುಟ್ಟಿಸಿದರೆ, ಚುಯ್ ಎಂದು ಹೊಗೆಯೆದ್ದು ಬೆಳ್ಳಿಯಂಥ ಗೆರೆ ಸಂದಿನುದ್ದಕ್ಕೂ ಹರಿದುಹೋಗುತ್ತದೆ. ಹರಿಯದೆ ಮುದ್ದೆಗಟ್ಟಿದರೆ ಲೋಹ ಕೊಳೆಯಾಗಿದೆ ಅಥವಾ ಶಾಖ ಸಾಲದಾಗಿದೆ. ಕಿಟಕಿ ತೆರೆದಿರಲಿ, ಕೂತ ಕೆಲಸ ಮುಗಿದ ಕೂಡಲೇ ಬ್ರಷ್ಷಿನಿಂದ ತೊಳೆದಿಡಬೇಕು. ತೊಳೆಯದ ಆಮ್ಲ ರಾತ್ರಿ ಕಳೆಯುವುದರಲ್ಲಿ ಹಸಿರು ಕಿಲುಬು ತರುತ್ತದೆ.

ಬಣ್ಣದ ವಿಷಯದಲ್ಲಿ ಪುಸ್ತಕದ ಹೆಸರನ್ನು ನಂಬಿ ಡಬ್ಬಿ ಕೊಂಡರೆ ಕೆಟ್ಟಂತೆ. ವಿಲಿಯಂ ಸ್ಟ್ರೌಡ್ಲಿ 1860ರ ದಶಕದಲ್ಲಿ ಹೈಲ್ಯಾಂಡ್ ಕಂಪನಿಯ ಇನ್ವರ್‌ನೆಸ್ ಕಾರ್ಖಾನೆಯಲ್ಲಿದ್ದಾಗ ರೂಢಿಗೆ ತಂದ ಹಸಿರು ಎಂಬ ಹೆಸರಿನ ಬಣ್ಣ ಕಣ್ಣಿಗೆ ಕಾಣುವುದು ಕಾವಿ ಮಿಶ್ರಿತ ಹಳದಿಯಾಗಿ. ಅವನ ಕೈಕೆಳಗೆ ದುಡಿದ ಡ್ರಮಂಡ್ 1875ರಲ್ಲಿ ನಾರ್ತ್ ಬ್ರಿಟಿಷ್‌ಗೆ ಬಂದಾಗ ಅದನ್ನೂ ಜತೆಗೆ ತಂದ. 1882ರಲ್ಲಿ ಅವನು ಕ್ಯಾಲೆಡೋನಿಯನ್‌ಗೆ ಹೋದ ಮೇಲೆ ಆ ಜಾಗಕ್ಕೆ ಬಂದವನು ಮ್ಯಾಥ್ಯೂ ಹೋಮ್ಸ್. ಕ್ಯಾಲೆಡೋನಿಯನ್ನಿನ ನೀಲಿಯಲ್ಲೂ ಗಾಢವಾದದ್ದು, ತಿಳಿಯಾದದ್ದು ಎರಡೂ ಇದ್ದವು. ಟೇ ಸೇತುವೆಯ ಜತೆ ನದಿಗೆ ಬಿದ್ದ 224ನೇ ನಂಬರಿನ ಎಂಜಿನ್ನನ್ನು ಮೇಲೆತ್ತಿ ದುರಸ್ತಿ ಮಾಡಿ 1919ರ ತನಕ ಓಡಿಸಿದರು, ಕೆಲಸಗಾರರು ಅದನ್ನು ‘ಡೈವರ್’ ಎಂದೇ ಕರೆಯುತ್ತಿದ್ದರು. ಇಂಥ ದೀರ್ಘಾಯುಷಿ ಎಂಜಿನ್ನಿಗೆ ಯಾವ ವರ್ಷ ಎಂದು ಹೇಳದೆ ಬಣ್ಣ ಹಚ್ಚಲಾಗದು.

ಸಿಗ್ನಲ್ಲುಗಳಲ್ಲಿ ಸ್ಕಾಟ್ಲೆಂಡಿನ ಗುರುತು ಎಂದರೆ ಸ್ಟೀವನ್ಸ್ ಕಂಪನಿಯ ಜಾಲರಿ ಕಂಬ. ಕಬ್ಬಿಣದ ಪಟ್ಟಿಗಳನ್ನು ಓರೆಯಾಗಿ ಹೆಣೆದ ಆ ಕಂಬಗಳು ತಗಡಿನ ಕಿಟ್‌ಗಳಲ್ಲಿ ಸಿಗುತ್ತವೆ. ಮುಂಬರುವ ಸಿಗ್ನಲ್ಲಿನ ಸುಳಿವು ಕೊಡುವ ‘ಡಿಸ್ಟೆಂಟ್’ ರೆಕ್ಕೆಗೆ ಹಳದಿ ಬಣ್ಣ ಬಂದದ್ದು 1920ರ ದಶಕದಲ್ಲಿ. ಅದಕ್ಕೆ ಮುಂಚೆ ಅದೂ ಕೆಂಪೇ, ತುದಿಯಲ್ಲಿ ಮೀನಿನ ಬಾಲದಂತೆ ಕಡಿದಿರುತ್ತಿತ್ತು ಅಷ್ಟೆ. ಓಬನ್ ದಾರಿಯನ್ನು ಕಟ್ಟುವವರು ಬ್ರ್ಯಾಂಡರ್ ಕಣಿವೆಯ ‘ಆಂಡರ್ಸನ್ ಪಿಯಾನೊ’ವನ್ನು ಮರೆಯಬಾರದು. 1881ರಲ್ಲಿ ಬೆಟ್ಟದ ಬಂಡೆಯೊಂದು ರೈಲಿಗೆ ಬಡಿದ ಮೇಲೆ ಹಳಿಯ ಪಕ್ಕದಲ್ಲಿ ಸಾಲು ಸಾಲು ತಂತಿ ಕಟ್ಟಿದರು. ಕಲ್ಲು ಉರುಳಿ ತಂತಿ ಹರಿದರೆ ಸಿಗ್ನಲ್ ತಾನಾಗಿ ಅಪಾಯದ ಸೂಚನೆಗೆ ಬೀಳುತ್ತದೆ. ಗಾಳಿಗೆ ಗುನುಗುವ ಆ ತಂತಿಬೇಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಕೆಲಸ ಮಾಡಿದೆ.

ನೆಲದ ಮೇಲಿನ ಕಲ್ಲು ಸೀಮೆ ಸೀಮೆಗೆ ಬೇರೆ. ಅಬರ್ಡೀನಿನಲ್ಲಿ ಬೂದು ಗ್ರಾನೈಟ್, ಡಂಫ್ರೀಸ್ ಕಡೆ ಕೆಂಪು ಮರಳುಗಲ್ಲು, ಕೇತ್‌ನೆಸ್‌ನಲ್ಲಿ ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿಯೇ ಮಾಡಿದ ಬೇಲಿ, ಫೈಫ್ ಕರಾವಳಿಯ ಮನೆಗಳಿಗೆ ಬಾಗುಹೆಂಚಿನ ಕೆಂಪು ಮಾಡು. ಅಂಗಡಿಯ ಅಚ್ಚು ಹಾಳೆಗಳು ಹೆಚ್ಚಾಗಿ ಇಂಗ್ಲೆಂಡಿನ ಇಟ್ಟಿಗೆಗೆ ಹೊಂದುವಂಥವು. ಗೋಡೆಗೆ ಗಾಳಿಗೆ ಒಣಗುವ ಜೇಡಿಯನ್ನು ತೆಳ್ಳಗೆ ಸವರಿ ಒಂದೊಂದು ಕಲ್ಲನ್ನೂ ಸೂಜಿಯಿಂದ ಗೀರುವುದೇ ಲೇಸು. ಋತುವನ್ನೂ ಒಂದೇ ಇಟ್ಟುಕೊಳ್ಳಬೇಕು. ಹೆದರ್ ಗಿಡ ನೇರಳೆ ಹೂ ಬಿಡುವುದು ಬೇಸಿಗೆಯ ಕೊನೆಗೆ, ಆಗ ಜರಿಗಿಡಗಳು ಇನ್ನೂ ಹಸಿರು. ಅವು ತುಕ್ಕಿನ ಬಣ್ಣಕ್ಕೆ ತಿರುಗುವ ಹೊತ್ತಿಗೆ ಹೆದರ್ ಕಂದಾಗಿರುತ್ತದೆ. ಎರಡು ಬಣ್ಣವನ್ನೂ ಒಟ್ಟಿಗೆ ತುಂಬಿದ ಬೆಟ್ಟ ಕ್ಯಾಲೆಂಡರಿನ ಚಿತ್ರದಂತಿರುತ್ತದೆ.

ಎಲ್ಲ ಕಟ್ಟಿದ ಮೇಲೆ ಗಾಡಿಯನ್ನು ಸುಮ್ಮನೆ ಅತ್ತಿತ್ತ ಓಡಿಸುವುದು ದೊಡ್ಡ ನಷ್ಟ. ಆ ವರ್ಷದ ವೇಳಾಪಟ್ಟಿಯನ್ನೇ ಹುಡುಕಿ, ಬೆಳಗಿನ ಮಿಶ್ರ ಗಾಡಿ, ಮಧ್ಯಾಹ್ನದ ಕಲ್ಲಿದ್ದಲು, ಸಂಜೆಯ ಟಪಾಲು ಎಂದು ನಡೆಸಿದರೆ ನಿಲ್ದಾಣಕ್ಕೆ ದಿನಚರಿ ಬರುತ್ತದೆ. ಗಾಡಿಗಳನ್ನು ಜೋಡಿಸಲು ಮೂರು ಕೊಂಡಿಯ ಸರಪಳಿ ಇದೆ, ಕೋಲಿನ ತುದಿಯ ಕೊಕ್ಕೆಯಿಂದ ಸಿಕ್ಕಿಸಬೇಕು. ಕೈ ನಡುಗುವವರಿಗೆ ‘ಅಲೆಕ್ಸ್ ಜಾಕ್ಸನ್’ ಕೊಕ್ಕೆ ಇದೆ, ಗಿಟಾರಿನ ತೆಳು ಉಕ್ಕಿನ ತಂತಿಯನ್ನು ಬಗ್ಗಿಸಿ ಮಾಡುವಂಥದ್ದು, ಹಳಿಯಡಿಯ ಅಯಸ್ಕಾಂತದಿಂದ ತಾನೇ ಬಿಚ್ಚಿಕೊಳ್ಳುತ್ತದೆ.

ಒಂಟಿ ಹಳಿಯ ದಾರಿಯಾದರೆ ಟ್ಯಾಬ್ಲೆಟ್ ಪದ್ಧತಿಯನ್ನೂ ಸೇರಿಸಿಕೊಳ್ಳಬಹುದು. ನಮ್ಮ ಸಣ್ಣ ನಿಲ್ದಾಣಗಳಲ್ಲಿ ಬಳೆಗೆ ಸಿಕ್ಕಿಸಿದ ಟೋಕನ್ನನ್ನು ಡ್ರೈವರಿಗೆ ಎತ್ತಿಕೊಡುತ್ತಿದ್ದದ್ದನ್ನು ಕಂಡವರಿಗೆ ಇದು ಹೊಸದಲ್ಲ. ಓಡುವ ಗಾಡಿಗೆ ಕೈಯಿಂದ ಅದನ್ನು ಕೊಟ್ಟು ತೆಗೆದುಕೊಳ್ಳುವಾಗ ನೌಕರರ ತೋಳಿಗೆ ಪೆಟ್ಟಾಗುವುದನ್ನು ನೋಡಿ, ಗ್ರೇಟ್ ನಾರ್ತ್ ಆಫ್ ಸ್ಕಾಟ್ಲೆಂಡಿನ ಜೇಮ್ಸ್ ಮ್ಯಾನ್ಸನ್ 1880ರ ದಶಕದ ಕೊನೆಗೆ ತಾನಾಗಿ ಬದಲಾಯಿಸಿಕೊಳ್ಳುವ ಸಾಧನವೊಂದನ್ನು ಮಾಡಿದ. ಅದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಯಾವ ಕಂಪನಿಯಾದರೂ ಬಳಸಲಿ ಎಂದು ಬಿಟ್ಟ. ಆ ಸಾಧನವನ್ನು ಹೊತ್ತ ಎಂಜಿನ್ನುಗಳ ಪಕ್ಕದಲ್ಲಿ ಅದರ ಚಾಚು ಕಾಣುತ್ತದೆ. ಅಬರ್ಡೀನ್ ಸೀಮೆಯ ಎಂಜಿನ್ ಕಟ್ಟುವವರು ತಮ್ಮ ವರ್ಷಕ್ಕೆ ಅದು ಬಂದಿತ್ತೇ ಎಂದು ಫೋಟೊದಲ್ಲಿ ನೋಡಿಕೊಳ್ಳಬೇಕು.

ಸ್ಕಾಟ್ಲೆಂಡಿಗೆ ಹೋಗುವ ಅವಕಾಶ ಸಿಕ್ಕವರು, ಅಲ್ಲೇ ನೆಲೆಸಿದ ಕನ್ನಡಿಗರು ಫೆಬ್ರವರಿಯನ್ನು ಆರಿಸಿಕೊಳ್ಳಲಿ. ಗ್ಲಾಸ್ಗೋದಲ್ಲಿ ‘ಮಾಡೆಲ್ ರೈಲ್ ಸ್ಕಾಟ್ಲೆಂಡ್’ ಪ್ರದರ್ಶನ ನಡೆಯುವ ತಿಂಗಳು ಅದು. ಅಲ್ಲೇ ರಿವರ್‌ಸೈಡ್ ಮ್ಯೂಸಿಯಂನಲ್ಲಿ 1886ರ ಕ್ಯಾಲೆಡೋನಿಯನ್ 123 ಇದೆ, ಬ್ರಿಟನ್ನಿನಲ್ಲಿ ತನ್ನ ಬಗೆಯ ಹತ್ತು ಗಾಲಿಯ ಎಂಜಿನ್ನುಗಳಲ್ಲಿ ಮೊದಲನೆಯದಾದ 1894ರ ಹೈಲ್ಯಾಂಡ್ 103 ಇದೆ. ಎಡಿನ್‌ಬರೋದಿಂದ ದೂರವಿಲ್ಲದ ಬೋನೆಸ್‌ನ ರೈಲು ಮ್ಯೂಸಿಯಂನಲ್ಲಿ ಕ್ಯಾಲೆಡೋನಿಯನ್ 419, ನಾರ್ತ್ ಬ್ರಿಟಿಷ್‌ನ ‘ಮೋಡ್’ ಜತೆಗೆ ಹಳೆಯ ಗೂಡ್ಸ್ ಗಾಡಿಗಳೂ ಇವೆ. ಎಂಜಿನ್ನಿನ ಅಂದದ ಫೋಟೊ ಎಲ್ಲರೂ ತೆಗೆಯುತ್ತಾರೆ, ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಮಾದರಿ ಕಟ್ಟುವವರು ಮಂಡಿಯೂರಿ ಗಾಡಿಯ ಅಡಿ ತೆಗೆಯಬೇಕು: ಬ್ರೇಕಿನ ಸರಳುಗಳು ಎಲ್ಲಿ ಕೂಡುತ್ತವೆ, ಸ್ಪ್ರಿಂಗಿಗೆ ಎಷ್ಟು ಪಟ್ಟಿ, ಬೋಲ್ಟಿನ ತಲೆ ಚೌಕವೋ ಆರು ಮೂಲೆಯದೋ. ಪಕ್ಕದಲ್ಲಿ ಅಡಿಪಟ್ಟಿಯೊಂದನ್ನು ನಿಲ್ಲಿಸಿ ಚಿತ್ರ ತೆಗೆದರೆ ಅಳತೆಯೂ ಮನೆಗೆ ಬಂದಂತೆ.